ಬಾಟಲಿಯ ಮೇಲಿನ ಚೀಟಿ

ಕಳೆದ ಸಲ ಇದೇ ಅಂಕಣದಲ್ಲಿ ಚಾಳಿನ ನಳದ ಬಗ್ಗೆ ಬರೆದಿದ್ದೆ. ಇಡೀ ಮಾಳಿಗೆಗೆ ಒಂದೇ ನಳ, ಅದಕ್ಕೆ ಒಡೆಯ ಎಂದು ಯಾರೂ ಇಲ್ಲ, ಆದರೂ ವಾಷರ್ ಸವೆದಾಗ ಯಾರೋ ಒಬ್ಬರು ತಮ್ಮ ಕೈಯಿಂದ ದುಡ್ಡು ಹಾಕಿ ಬದಲಿಸುತ್ತಿದ್ದರು ಎಂದಿದ್ದೆ. ಓದಿದ ಹಲವರು ತಮ್ಮ ತಮ್ಮ ಚಾಳಿನ ಕಥೆಗಳನ್ನು ಕಳಿಸಿದ್ದೀರಿ. ಎಲ್ಲರಿಗೂ ನಮಸ್ಕಾರ. ಆದರೆ ಒಂದು ಪ್ರತಿಕ್ರಿಯೆ ಮನೆಯೊಳಗಿನಿಂದಲೇ ಬಂತು. ಈ ತಿಂಗಳ ಬರಹಕ್ಕೆ ಅದೇ ಕಾರಣ.

ನನ್ನ ತಮ್ಮನ ಮಗಳು ಮುಂಬಯಿಯ ಒಂದು ಸಂಶೋಧನಾಲಯದಲ್ಲಿ ಪಿಎಚ್.ಡಿ.ಗೆ ಸೇರಿ ಎರಡನೇ ವರ್ಷ. ಹಾಸ್ಟೆಲಿನಲ್ಲಿ ಇರುತ್ತಾಳೆ. ಎರಡು ವಾರಕ್ಕೊಮ್ಮೆ ಭಾನುವಾರ ಡೊಂಬಿವಿಲಿಗೆ ಬಂದು, ಅವಳ ದೊಡ್ಡಮ್ಮ ಮಾಡಿದ ನೀರುದೋಸೆ ತಿಂದು, ಒಂದು ನಿದ್ದೆ ಮಾಡಿ ಸಂಜೆ ಲೋಕಲ್ ಹಿಡಿಯುತ್ತಾಳೆ. ಮೊನ್ನೆ ಬಂದವಳು ನಿದ್ದೆ ಮಾಡಲಿಲ್ಲ.

"ದೊಡ್ಡಪ್ಪ, ನಿಮ್ಮ ನಳದ ಲೇಖನ ಓದಿದೆ. ಚೆನ್ನಾಗಿದೆ. ಆದರೆ ವಾಷರ್ ಬದಲಿಸಿದವನಿಗೆ ಕೊನೆಗೆ ಏನು ಸಿಕ್ಕಿತು ಅಂತ ನೀವು ಬರೆಯಲೇ ಇಲ್ಲ" ಎಂದಳು.

ಮಾತು ಎಲ್ಲಿಂದ ಬಂತು ಎಂದು ಕೇಳಿದೆ. ಅವಳ ಲ್ಯಾಬಿನಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದೊಂದು 'ಡ್ಯೂಟಿ' ಇದೆಯಂತೆ. ಒಬ್ಬರಿಗೆ ದ್ರವ ಸಾರಜನಕ ತುಂಬಿಸುವುದು, ಒಬ್ಬರಿಗೆ ರಾಸಾಯನಿಕಗಳ ಆರ್ಡರ್, ಮತ್ತೊಬ್ಬರಿಗೆ ತ್ಯಾಜ್ಯದ ರಿಜಿಸ್ಟರು. ಈ ವರ್ಷ ತ್ಯಾಜ್ಯ ಮತ್ತು ಮೈನಸ್ ಎಂಬತ್ತು ಡಿಗ್ರಿಯ ಫ್ರೀಜರು ಇವಳ ಪಾಲಿಗೆ ಬಂದಿವೆ. ಫ್ರೀಜರ್ ತೆರೆದು ನೋಡಿದರೆ, ವಿದೇಶಕ್ಕೆ ಹೋದ ಹಿರಿಯ ವಿದ್ಯಾರ್ಥಿಯೊಬ್ಬರ ಪೆಟ್ಟಿಗೆಗಳು. ಮೇಲೆ ಎರಡಕ್ಷರ, ಒಂದು ಸಂಖ್ಯೆ, ಅಷ್ಟೇ. ಒಳಗೆ ಏನಿದೆ, ಯಾವಾಗಿನದು, ಬೇಕೋ ಬೇಡವೋ, ಯಾರಿಗೂ ಗೊತ್ತಿಲ್ಲ. ಕಪಾಟಿನ ತಳದಲ್ಲಿ ಹನ್ನೊಂದು ಕಂದು ಬಾಟಲಿಗಳು, ಚೀಟಿಯೇ ಇಲ್ಲದವು.

"ಇದನ್ನೆಲ್ಲ ಸರಿಮಾಡುತ್ತಾ ಕೂತರೆ ನನ್ನ ಪೇಪರ್ ಯಾರು ಬರೆಯುತ್ತಾರೆ? ಮಾಡದೇ ಬಿಟ್ಟವರು ಹೊರದೇಶಕ್ಕೆ ಹೋದರು. ಮಾಡುವವಳು ಇಲ್ಲೇ ಕೂತಿದ್ದೇನೆ."

ಅವಳ ಮಾತಿನಲ್ಲಿ ಸುಳ್ಳಿಲ್ಲ. ಲ್ಯಾಬಿನಲ್ಲಿ ಕಳೆದ ನನ್ನ ಮೂವತ್ತು ವರ್ಷಗಳಲ್ಲಿ ಚೀಟಿ ಅಂಟಿಸಿದ್ದಕ್ಕಾಗಿ ಯಾರಿಗಾದರೂ ಬಡ್ತಿ ಸಿಕ್ಕಿದ್ದನ್ನು ನಾನು ಕಂಡಿಲ್ಲ. ಪ್ರಬಂಧಗಳನ್ನು ಎಣಿಸುತ್ತಾರೆ, ಚೀಟಿಗಳನ್ನು ಎಣಿಸುವುದಿಲ್ಲ. ಆದರೂ ಅವಳಿಗೆ ನಾನು ಒಂದು ಕಥೆ ಹೇಳಿದೆ. ಮನೆಯಲ್ಲಿ ಯಾರಿಗೂ ಹೇಳದ ಕಥೆ ಅದು. ಹೇಳಿದ ಮೇಲೆ ಅನ್ನಿಸಿತು, ನಿಮಗೂ ಹೇಳಬೇಕು ಎಂದು.

1978ರ ಮಳೆಗಾಲ. ನಾನು ಊರಿನಲ್ಲಿ ಬಿ.ಎಸ್ಸಿ. ಮುಗಿಸಿ ಮುಂಬಯಿಗೆ ಬಂದು, ಎಂ.ಎಸ್ಸಿ. ಸಂಶೋಧನೆಗೆ ಸೇರಿದ್ದೆ. ಯಾವ ಸಂಸ್ಥೆ ಎಂದು ಬೇಡ. ತಪ್ಪು ಸಂಸ್ಥೆಯದಲ್ಲ, ನನ್ನದು. ನಮ್ಮ ಲ್ಯಾಬಿನಲ್ಲಿ ಕುಂದಾಪುರದ ಕಡೆಯ ಒಬ್ಬರು ಅಟೆಂಡರ್ ಆಗಿದ್ದರು. ಹುಡುಗನಾಗಿದ್ದಾಗ ಹೋಟೆಲಿನಲ್ಲಿ ಕಪ್ಪು ತೊಳೆದು, ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. ಎಲ್ಲರೂ ಅವರನ್ನು ದಾದಾ ಎನ್ನುತ್ತಿದ್ದರು, ನಾನು ಅಣ್ಣ ಎನ್ನುತ್ತಿದ್ದೆ. ಗುಡಿಸಿ ಒರೆಸಲು ಒಬ್ಬ ಮಾವಶಿ ಬರುತ್ತಿದ್ದರು, ಕೊಂಕಣದ ಕಡೆಯವರು.

ಒಂದು ಸಂಜೆ ನನಗೆ ಅವಸರ. ಮಳೆ ಜೋರಾಗಿತ್ತು, ಗಾಡಿಗಳು ನಿಂತರೆ ಮನೆ ಸೇರುವಂತಿಲ್ಲ. ಗಾಜಿನ ಪಾತ್ರೆ ತೊಳೆಯಲು ಬಳಸಿದ್ದ ನೈಟ್ರಿಕ್ ಆಮ್ಲ ಬೀಕರಿನಲ್ಲಿ ಉಳಿದಿತ್ತು. ಮೂಲೆಯಲ್ಲಿ ಒಂದು ಕಂದು ಬಾಟಲಿ ಇತ್ತು. ಖಾಲಿ ಎಂದುಕೊಂಡೆ. ಅದಕ್ಕೆ ಸುರಿದು, ಮುಚ್ಚಳ ಬಿಗಿಯಾಗಿ ತಿರುಗಿಸಿ, ಚೀಟಿ ಅಂಟಿಸದೆ ಓಡಿದೆ.

ಬಾಟಲಿಯ ತಳದಲ್ಲಿ ಯಾರೋ ಬಳಸಿ ಉಳಿಸಿದ್ದ ಆಲ್ಕೊಹಾಲ್ ಇತ್ತು. ರಸಾಯನಶಾಸ್ತ್ರ ಓದಿದವರಿಗೆ ಮುಂದಿನದು ಗೊತ್ತಾಗಿರುತ್ತದೆ. ನೈಟ್ರಿಕ್ ಆಮ್ಲವೂ ಆಲ್ಕೊಹಾಲಿನಂಥ ದ್ರಾವಕವೂ ಸೇರಿದರೆ ಆ ಕ್ಷಣಕ್ಕೆ ಏನೂ ಆಗದಿರಬಹುದು. ಸ್ವಲ್ಪ ಹೊತ್ತಿನ ನಂತರ, ಕೆಲವೊಮ್ಮೆ ಗಂಟೆಗಳ ನಂತರ, ಬಿಸಿಯೇರಿ ಒಳಗೆ ಅನಿಲ ತುಂಬಿಕೊಳ್ಳುತ್ತದೆ. ಬಿಗಿದ ಮುಚ್ಚಳದ ಗಾಜಿನ ಬಾಟಲಿಗೆ ಆಗ ಒಡೆಯುವುದೊಂದೇ ದಾರಿ. ಇಂದಿಗೂ ಜಗತ್ತಿನ ಲ್ಯಾಬುಗಳಲ್ಲಿ ತೀರಾ ಸಾಮಾನ್ಯವಾದ ಅವಘಡಗಳಲ್ಲಿ ಇದೂ ಒಂದು.

ಮರುದಿನ ಬೆಳಗ್ಗೆ ಮಾವಶಿ ಗುಡಿಸಲೆಂದು ಬಾಟಲಿಯನ್ನು ಪಕ್ಕಕ್ಕೆ ಸರಿಸುವಾಗ ಅದು ಒಡೆಯಿತು. ಗಾಜು ಮುಂಗೈಗೆ ಚುಚ್ಚಿತು, ಆಮ್ಲ ಮೊಣಕೈವರೆಗೆ ಹರಿಯಿತು. ನಾನು ಹತ್ತು ಗಂಟೆಗೆ ಬಂದಾಗ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ನೆಲದ ಮೇಲೆ ಗಾಜಿನ ಚೂರು, ಅರ್ಧ ಗುಡಿಸಿದ ಕಸ.

ಗೈಡ್ ಎಲ್ಲರನ್ನೂ ನಿಲ್ಲಿಸಿ ಕೇಳಿದರು. ಬಾಟಲಿ ಯಾರದು? ನಾನು ಸುಮ್ಮನಿದ್ದೆ. ಸ್ಕಾಲರ್‌ಶಿಪ್ ಹೋಗುತ್ತದೆ, ಊರಿಗೆ ವಾಪಸ್ ಹೋಗಬೇಕಾಗುತ್ತದೆ, ಅಪ್ಪನಿಗೆ ಏನು ಹೇಳಲಿ, ಇಷ್ಟೇ ತಲೆಯಲ್ಲಿ. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಅಣ್ಣ ಹೇಳಿದರು, "ಸಾರ್, ಬಾಟಲಿಗಳನ್ನು ಸಂಜೆ ನೋಡಿ ಇಡಬೇಕಾದವನು ನಾನು. ನನ್ನಿಂದಲೇ ತಪ್ಪಿದ್ದು." ಅವರಿಗೆ ಮೆಮೋ ಕೊಟ್ಟರು. ಒಂದು ವರ್ಷದ ಇಂಕ್ರಿಮೆಂಟ್ ನಿಂತಿತು.

ಮೂರು ದಿನ ಬಿಟ್ಟು ನಾನು ಅವರ ಬಳಿ ಹೋಗಿ ತಪ್ಪೊಪ್ಪಿಕೊಂಡೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಫ್ಲಾಸ್ಕ್ ತೊಳೆಯುತ್ತಲೇ ಹೇಳಿದರು: "ನೀನೇ ಅಂತ ನನಗೆ ಅವತ್ತೇ ಗೊತ್ತಿತ್ತು ಮಾರಾಯ. ಕೊನೆಗೆ ಹೋದವನು ನೀನೇ ಅಲ್ಲವಾ. ನನ್ನ ಇಂಕ್ರಿಮೆಂಟ್ ಇರಲಿ. ಅವತ್ತು ಬೆಳಗ್ಗೆ ಡಾಕ್ಟರು ಎರಡು ಸಲ ಕೇಳಿದರು, ಬಾಟಲಿಯಲ್ಲಿ ಏನಿತ್ತು ಅಂತ. ನಾನು ಹೇಳಬೇಕಾದ್ದು ಏನು? ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವನು ನೀನೊಬ್ಬನೇ."

ನನಗೆ ತಪ್ಪು ಅರ್ಥವಾದದ್ದು ಆಗ. ಅಲ್ಲಿಯವರೆಗೆ ನಾನು ಹೆದರಿದ್ದು ಶಿಕ್ಷೆಗೆ, ನಾಚಿದ್ದು ಅಣ್ಣನ ಒಳ್ಳೆಯತನಕ್ಕೆ. ಆದರೆ ನನ್ನ ಮೌನದಿಂದ ನಿಜವಾಗಿ ಕೆಟ್ಟದ್ದು ಬೇರೆಯೇ. ಒಬ್ಬ ಹೆಂಗಸಿನ ಕೈ ಸುಡುತ್ತಿದ್ದಾಗ, ಅದು ಯಾವುದರಿಂದ ಸುಡುತ್ತಿದೆ ಎಂಬ ಮಾಹಿತಿ ನನ್ನ ಬಳಿ ಇತ್ತು, ಅದನ್ನು ಕಿಸೆಯಲ್ಲಿಟ್ಟುಕೊಂಡು ನಾನು ನಿಂತಿದ್ದೆ. ಚೀಟಿ ಅಂಟಿಸದೇ ಹೋದದ್ದು ಒಂದು ತಪ್ಪು. ಮರುದಿನ ನಾನೇ ಚೀಟಿಯಿಲ್ಲದ ಬಾಟಲಿಯಾಗಿ ನಿಂತದ್ದು ಎರಡನೆಯ, ಹೆಚ್ಚು ದೊಡ್ಡ ತಪ್ಪು.

ಇದನ್ನು ಕೇಳಿದ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅಂದರೆ ಯಾವಾಗಲೂ ಕೆಳಗಿನವರೇ ಸಿಕ್ಕಿಬೀಳುವುದು" ಎಂದಳು. ಯಾವಾಗಲೂ ಅಲ್ಲ ಎಂದೆ. ಮೇಲಿನವರು ಸಿಕ್ಕಿಬಿದ್ದ ಒಂದು ಪ್ರಸಿದ್ಧ ಪ್ರಕರಣ ನಮ್ಮ ಮುಂಬಯಿಯದ್ದೇ ಇದೆ.

ಪರೇಲಿನಲ್ಲಿ ಹಾಫ್‌ಕಿನ್ ಇನ್‌ಸ್ಟಿಟ್ಯೂಟ್ ಇರುವುದು ನಿಮಗೆ ಗೊತ್ತು. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂದಾಗ ಸರಕಾರ ವಾಲ್ಡೆಮರ್ ಹಾಫ್‌ಕಿನ್ ಎಂಬ ವಿಜ್ಞಾನಿಯನ್ನು ಇಲ್ಲಿಗೆ ಕರೆಸಿತು. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಒಂದು ಕೋಣೆ, ಒಂದು ವರಾಂಡ, ಒಬ್ಬ ಗುಮಾಸ್ತ, ಮೂವರು ಜವಾನರು, ಇಷ್ಟೇ ಅವರ ಪ್ರಯೋಗಾಲಯ. ಅಲ್ಲಿ ಕೆಲವೇ ತಿಂಗಳಲ್ಲಿ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡರು. 1899ರಲ್ಲಿ ಪ್ರಯೋಗಾಲಯ ಪರೇಲಿನ ಹಳೆಯ ಗವರ್ನಮೆಂಟ್ ಹೌಸಿಗೆ ಬಂತು. ಅಲ್ಲಿಂದ ಲಸಿಕೆಯ ಬಾಟಲಿಗಳು ದೇಶದ ಮೂಲೆಮೂಲೆಗೆ ಹೋಗತೊಡಗಿದವು.

1902ರ ಅಕ್ಟೋಬರ್ 30. ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಲಸಿಕೆ ಹಾಕಿದರು. ಅವರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಆ 19 ಮಂದಿಗೂ ಲಸಿಕೆ ಹೋದದ್ದು ಒಂದೇ ಬಾಟಲಿಯಿಂದ, ಅದರ ಮೇಲಿನ ಸಂಖ್ಯೆ 53-ಎನ್. ವಿಚಾರಣಾ ಸಮಿತಿ ಬೆರಳು ತೋರಿಸಿದ್ದು ಪರೇಲಿನ ಕಡೆಗೆ. ಹಾಫ್‌ಕಿನ್ ತಯಾರಿಕೆಯ ವಿಧಾನದಲ್ಲಿ ಕಾರ್ಬಾಲಿಕ್ ಆಮ್ಲ ಬಿಟ್ಟು ಶಾಖದಿಂದ ಶುದ್ಧಿ ಮಾಡುತ್ತಿದ್ದರು, ಅದೇ ಕಾರಣ ಎಂದಿತು. ಲಕ್ಷಾಂತರ ಜನರಿಗೆ ಲಸಿಕೆ ಮುಟ್ಟಿಸಿದ ಮನುಷ್ಯ ಕಳಂಕ ಹೊತ್ತು ಹುದ್ದೆ ಬಿಡಬೇಕಾಯಿತು.

ದಾಖಲೆಗಳು ಹೊರಬಂದಾಗ ಕಥೆ ಬೇರೆಯಾಗಿತ್ತು. ಹಳ್ಳಿಯಲ್ಲಿ ಆ ಬಾಟಲಿಯ ಬಿರಡೆ ತೆಗೆಯುವಾಗ ಸಹಾಯಕನ ಕೈಯಿಂದ ಇಕ್ಕಳ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಕಾಯಿಸಿ ಶುದ್ಧ ಮಾಡದೆ, ಕಾರ್ಬಾಲಿಕ್ ದ್ರಾವಣದಲ್ಲಿ ಸುಮ್ಮನೆ ಒಮ್ಮೆ ಆಡಿಸಿ ಬಳಸಿದ್ದರು. ಧನುರ್ವಾಯುವಿನ ಬೀಜಾಣು ಇರುವುದೇ ಮಣ್ಣಿನಲ್ಲಿ, ಅಷ್ಟಕ್ಕೆಲ್ಲ ಅದು ಸಾಯುವಂಥದ್ದಲ್ಲ. ಮಲೇರಿಯಾದ ಸಂಶೋಧನೆಗೆ ನೊಬೆಲ್ ಪಡೆದಿದ್ದ ರೊನಾಲ್ಡ್ ರಾಸ್ ಮೊದಲಾದ ತಜ್ಞರು 1907ರಲ್ಲಿ ಲಂಡನ್ನಿನ ಪತ್ರಿಕೆಗೆ ಬರೆದು ವಾದಿಸಿದ ಮೇಲೆ ಹಾಫ್‌ಕಿನ್ ನಿರ್ದೋಷಿ ಎಂದು ಒಪ್ಪಬೇಕಾಯಿತು. ಐದು ವರ್ಷ ಹೋಗಿತ್ತು. 1925ರಲ್ಲಿ ಪರೇಲಿನ ಪ್ರಯೋಗಾಲಯಕ್ಕೆ ಅವರದೇ ಹೆಸರು ಇಟ್ಟರು.

ಈ ಕಥೆಯನ್ನು ಸಾಮಾನ್ಯವಾಗಿ ಅನ್ಯಾಯಕ್ಕೊಳಗಾದ ವಿಜ್ಞಾನಿಯ ಕಥೆಯಾಗಿ ಹೇಳುತ್ತಾರೆ. ಅದು ನಿಜವೇ. ನಾನು ಅದರಲ್ಲಿ ನೋಡುವುದು ಇನ್ನೊಂದನ್ನು. ಇಕ್ಕಳ ಯಾರ ಕೈಯಿಂದಲೂ ಬೀಳಬಹುದು. ಬೀಳುವುದು ಅಪರಾಧವಲ್ಲ. ಬಿದ್ದಾಗ "ಬಿತ್ತು, ತಡೆಯಿರಿ, ಬೇರೆ ತರುತ್ತೇನೆ" ಎನ್ನಲು ಎರಡು ನಿಮಿಷ ಬೇಕು. ಸಾಲಿನಲ್ಲಿ ಜನ ನಿಂತಿದ್ದಾರೆ, ಕೆಲಸ ಮುಗಿಸಬೇಕು, ಆ ಎರಡು ನಿಮಿಷ ಸಿಗುವುದಿಲ್ಲ. ನನಗೂ ಅವತ್ತು ಸಿಗದೇ ಇದ್ದದ್ದು ಅದೇ ಎರಡು ನಿಮಿಷ. ಇನ್ನೊಂದು ವಿಷಯವನ್ನೂ ಗಮನಿಸಿ. ಬಾಟಲಿಯ ಮೇಲೆ 53-ಎನ್ ಎಂದು ಸಂಖ್ಯೆ ಇದ್ದುದರಿಂದ, ಯಾವ ಬಾಟಲಿ ಯಾರಿಗೆ ಹೋಯಿತು ಎಂದು ಬರೆದಿಟ್ಟಿದ್ದರಿಂದ, ಸಾವು ಆ ಒಂದೇ ಬಾಟಲಿಗೆ ಸೇರಿದ್ದು ಎಂದು ತಿಳಿಯಿತು. ಸಂಖ್ಯೆ ಇಲ್ಲದಿದ್ದರೆ ಪರೇಲಿನಿಂದ ಹೋದ ಎಲ್ಲ ಬಾಟಲಿಗಳ ಮೇಲೂ ಅನುಮಾನ ಬರುತ್ತಿತ್ತು, ಹೆದರಿದ ಜನ ಲಸಿಕೆಯನ್ನೇ ಬಿಟ್ಟು ಪ್ಲೇಗಿಗೆ ಸಾಯುತ್ತಿದ್ದರು.

ಚೀಟಿ ಎಂದರೆ ಹೆಸರು ಬರೆದ ಕಾಗದ ಎಂದು ನಾವು ತಿಳಿಯುತ್ತೇವೆ. ಅದು ನಾನು ಇಲ್ಲದಾಗ ನನ್ನ ಪರವಾಗಿ ಮಾತಾಡುವ ಕಾಗದ. ಲ್ಯಾಬಿನ ನೋಟ್‌ಬುಕ್ಕೂ ಅದೇ. ಇವತ್ತು ಏನು ಮಾಡಿದೆ, ಯಾವ ಬಾಟಲಿಯಿಂದ ತೆಗೆದೆ, ಏನು ಕೆಟ್ಟಿತು ಎಂದು ಸರಿಯಾಗಿ ಬರೆದಿಟ್ಟವನು ನಾಳೆ ರೈಲಿನಿಂದ ಇಳಿಯದೇ ಹೋದರೂ ಅವನ ಕೆಲಸ ನಿಲ್ಲುವುದಿಲ್ಲ. ಕೆಟ್ಟ ಫಲಿತಾಂಶವನ್ನು ಬರೆಯದೆ ಒಳ್ಳೆಯದನ್ನು ಮಾತ್ರ ಬರೆದವನು, ಮುಂದಿನವನ ಎರಡು ವರ್ಷ ಕದ್ದ ಹಾಗೆ. ವಿಜ್ಞಾನದ ಪ್ರಾಮಾಣಿಕತೆ ಎಂದು ಸಭೆಗಳಲ್ಲಿ ದೊಡ್ಡ ಮಾತಾಡುತ್ತೇವೆ. ಅದರ ಅಭ್ಯಾಸ ಶುರುವಾಗುವುದು ಫ್ರೀಜರಿನ ಪೆಟ್ಟಿಗೆಯ ಮೇಲೆ ದಿನಾಂಕ ಬರೆಯುವುದರಿಂದ.

ಬರೆಯದಿದ್ದರೆ ಏನಾಗುತ್ತದೆ? ದೆಹಲಿಯ ಒಂದು ಪ್ರಕರಣ ನೆನಪಿರಬಹುದು. ಅಲ್ಲಿನ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗ 1968ರಲ್ಲಿ ಕೆನಡಾದಿಂದ ಒಂದು ಉಪಕರಣ ತರಿಸಿತ್ತು. ಒಳಗೆ ವಿಕಿರಣ ಸೂಸುವ ಕೋಬಾಲ್ಟ್-60. ಎಂಬತ್ತರ ದಶಕದಿಂದ ಅದರ ಬಳಕೆ ನಿಂತುಹೋಯಿತು. ಬಳಸಿದವರು ನಿವೃತ್ತರಾದರು, ಹುಡುಗರು ಬಂದು ಹೋದರು, ಉಪಕರಣ ಮೂಲೆಯಲ್ಲಿ ಕೂತಿತ್ತು. 2010ರ ಆರಂಭದಲ್ಲಿ ಹಳೆ ಸಾಮಾನಿನ ಜೊತೆ ಅದೂ ಹರಾಜಾಯಿತು. ಮಾಯಾಪುರಿಯ ಗುಜರಿ ಅಂಗಡಿಯಲ್ಲಿ ಕೆಲಸಗಾರರು ಅದನ್ನು ಒಡೆದರು. ಹಲವರು ಆಸ್ಪತ್ರೆ ಸೇರಿದರು, ಏಪ್ರಿಲ್ ತಿಂಗಳಲ್ಲಿ ಒಬ್ಬ ಕೆಲಸಗಾರ ಸತ್ತ. ನಮ್ಮ ಅಣುಶಕ್ತಿ ನಗರದಲ್ಲಿ ಕೇಂದ್ರ ಕಚೇರಿ ಇರುವ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅಧಿಕಾರಿಗಳು ಹೋಗಿ ಚೂರುಗಳನ್ನು ಹುಡುಕಿ ತೆಗೆಯಬೇಕಾಯಿತು.

ಕೋಬಾಲ್ಟ್-60ರ ಶಕ್ತಿ ಸುಮಾರು ಐದೂಕಾಲು ವರ್ಷಕ್ಕೊಮ್ಮೆ ಅರ್ಧವಾಗುತ್ತದೆ. ನೀವೇ ಲೆಕ್ಕ ಹಾಕಿ. 42 ವರ್ಷ ಎಂದರೆ ಎಂಟು ಸಲ ಅರ್ಧ. ತಂದಾಗ ಇದ್ದುದರ ಸುಮಾರು 250ರಲ್ಲಿ ಒಂದು ಪಾಲು ಮಾತ್ರ ಉಳಿದಿತ್ತು. ಕೊಲ್ಲಲು ಅಷ್ಟು ಸಾಕಾಯಿತು. ಅಪಾಯ ಅಷ್ಟು ನಿಧಾನವಾಗಿ ಕರಗುತ್ತಿದ್ದಾಗ, ಅದು ಏನು ಎಂಬ ನೆನಪು ಮಾತ್ರ ಬೇಗ ಕರಗಿತ್ತು. ಅಲ್ಲಿ ಯಾರೂ ಕೆಟ್ಟವರಿರಲಿಲ್ಲ. 'ಇದು ನನ್ನದಲ್ಲ' ಎಂದು ಪ್ರತಿಯೊಬ್ಬರೂ ತಿಳಿದಿದ್ದರು, ಅಷ್ಟೇ.

ಇಲ್ಲಿ ಒಂದು ಮಾತು ಹೇಳದಿದ್ದರೆ ವಿದ್ಯಾರ್ಥಿಗಳಿಗೆ ಅನ್ಯಾಯವಾಗುತ್ತದೆ. ಜವಾಬ್ದಾರಿ ಎಂದ ಕೂಡಲೇ ಹಿರಿಯರಾದ ನಾವು ಹುಡುಗರ ಕಡೆ ತಿರುಗುತ್ತೇವೆ. 2008ರ ಡಿಸೆಂಬರ್ 29ರಂದು ಅಮೆರಿಕದ ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯವೊಂದರಲ್ಲಿ, ಗಾಳಿ ತಾಗಿದರೆ ಹೊತ್ತಿಕೊಳ್ಳುವ ರಾಸಾಯನಿಕವನ್ನು ಸಿರಿಂಜಿನಲ್ಲಿ ಎಳೆಯುವಾಗ 23 ವರ್ಷದ ಸಹಾಯಕಿಯೊಬ್ಬಳ ಬಟ್ಟೆಗೆ ಬೆಂಕಿ ಹತ್ತಿತು. ಅವಳು ಲ್ಯಾಬ್ ಕೋಟು ಹಾಕಿರಲಿಲ್ಲ. 18 ದಿನಗಳ ನಂತರ ತೀರಿಕೊಂಡಳು. ಕೋಟು ಹಾಕದ್ದು ಅವಳ ತಪ್ಪು ಎಂದು ಫೈಲು ಮುಚ್ಚಬಹುದಿತ್ತು. ಮುಚ್ಚಲಿಲ್ಲ. ತರಬೇತಿ ಕೊಡಬೇಕಾದವರು ಯಾರು, ಕೋಟು ಹಾಕಿದೆಯಾ ಎಂದು ನೋಡಬೇಕಾದವರು ಯಾರು ಎಂದು ಕೇಳಿ, ವಿಶ್ವವಿದ್ಯಾಲಯದ ಆಡಳಿತದ ಮೇಲೂ ಪ್ರಾಧ್ಯಾಪಕರ ಮೇಲೂ ಕ್ರಿಮಿನಲ್ ಮೊಕದ್ದಮೆ ಹೂಡಿದರು.

ಸರಿಯಾಗಿ ಒಂದು ವರ್ಷಕ್ಕೆ, 2009ರ ಡಿಸೆಂಬರ್ 29ರಂದು, ನಮ್ಮ ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ರಸಾಯನ ಪ್ರಯೋಗಾಲಯವೊಂದರಲ್ಲಿ ಬೆಂಕಿ ಬಿದ್ದು ಇಬ್ಬರು ಯುವ ಸಂಶೋಧಕರು ಸತ್ತರು. ರಿಯಾಕ್ಟರಿಗೂ ಅದಕ್ಕೂ ಸಂಬಂಧವಿರಲಿಲ್ಲ. 2018ರ ಡಿಸೆಂಬರ್ 5ರಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ಫೋಟವಾಗಿ ಒಬ್ಬ ಯುವ ಸಂಶೋಧಕ ತೀರಿಕೊಂಡ, ಮೂವರು ಗಾಯಗೊಂಡರು. ಈ ಮಕ್ಕಳನ್ನು ಕಳಿಸಿಕೊಟ್ಟ ಮನೆಗಳು ನಮ್ಮ ನಿಮ್ಮ ಮನೆಗಳಂಥವೇ. ಹುಡುಗ ಸಂಶೋಧನೆ ಮಾಡುತ್ತಾನೆ ಎಂದರೆ ಸುರಕ್ಷಿತ ಕೆಲಸ, ಕೋಣೆಯೊಳಗೆ ಕೂತು ಮಾಡುವ ಕೆಲಸ ಎಂದು ನಾವು ನಿಶ್ಚಿಂತೆಯಿಂದ ಇರುತ್ತೇವೆ. ಆದ್ದರಿಂದ ಮನೆಯವರಾದ ನಾವು ಮಕ್ಕಳಿಗೆ "ಪೇಪರ್ ಆಯಿತಾ, ಥೀಸಿಸ್ ಯಾವಾಗ" ಎಂದು ಕೇಳುವಾಗ "ರಾತ್ರಿ ಲ್ಯಾಬಿನಲ್ಲಿ ಒಬ್ಬಳೇ ಇರುತ್ತೀಯಾ? ಬೆಂಕಿ ಆರಿಸುವ ಸಿಲಿಂಡರ್ ಎಲ್ಲಿದೆ ಗೊತ್ತಾ?" ಎಂದೂ ಕೇಳಬೇಕು. ಗೈಡುಗಳು ವಿದ್ಯಾರ್ಥಿಯ ಕೈಗೆ ಬಾಟಲಿ ಕೊಡುವ ಮೊದಲು ಹೇಗೆ ಹಿಡಿಯಬೇಕೆಂದು ನಿಂತು ತೋರಿಸಬೇಕು. ಅದಾದ ಮೇಲೆ ಮಾತ್ರ ಹುಡುಗರಿಂದ ಜವಾಬ್ದಾರಿ ಕೇಳುವ ಹಕ್ಕು ಅವರಿಗಿದೆ.

ಜವಾಬ್ದಾರಿ ಹೊರುವವರಿಗೆ ಮೊದಲು ಸ್ಥಾನ ಸಿಗಬೇಕು ಎನ್ನುವಾಗ ನನಗೆ ನೆನಪಾಗುವುದು ಕಮಲಾ ಸೊಹೊನಿ. ಅವರ ಜೀವನ ಮುಂಬಯಿಗೂ ಬೆಂಗಳೂರಿಗೂ ಸೇರಿದ್ದು. ಕಮಲಾ ಭಾಗವತ್ ಎಂಬ ಹುಡುಗಿ 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಿಂದ ಪದವಿ ಪಡೆದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಳು. ನಿರ್ದೇಶಕರು ಸರ್ ಸಿ.ವಿ. ರಾಮನ್. ಹೆಣ್ಣು ಎಂಬ ಕಾರಣಕ್ಕೆ ಅರ್ಜಿ ತಿರಸ್ಕಾರವಾಯಿತು. ಹುಡುಗಿ ಸುಮ್ಮನಾಗಲಿಲ್ಲ, ಅವರ ಮುಂದೆಯೇ ಹೋಗಿ ಪಟ್ಟು ಹಿಡಿದಳು. ಕೊನೆಗೆ ಷರತ್ತಿನ ಮೇಲೆ ಸೇರಿಸಿಕೊಂಡರು. ಒಂದು ವರ್ಷ ಪರೀಕ್ಷಾರ್ಥ, ಗೈಡ್ ಹೇಳಿದರೆ ಎಷ್ಟು ಹೊತ್ತಾದರೂ ಕೆಲಸ ಮಾಡಬೇಕು, ಅವಳ ಇರವಿನಿಂದ ಲ್ಯಾಬಿನ ವಾತಾವರಣ ಕೆಡಬಾರದು.

ಕಡೆಯ ಷರತ್ತನ್ನು ಇನ್ನೊಮ್ಮೆ ಓದಿ. ಎಲ್ಲರೂ ಲ್ಯಾಬಿನ ಪ್ರಜೆಗಳು, ಅವಳು ಮಾತ್ರ ವೀಸಾದ ಮೇಲೆ ಬಂದವಳು. ಆ ಅವಮಾನ ಅವರ ಮನಸ್ಸಿನಲ್ಲಿ ಕೊನೆಯವರೆಗೂ ಇತ್ತು. ಆದರೂ ಎಂ. ಶ್ರೀನಿವಾಸಯ್ಯ ಎಂಬ ಗುರುಗಳ ಕೈಕೆಳಗೆ ಹಾಲು, ಬೇಳೆಕಾಳುಗಳ ಪ್ರೋಟೀನಿನ ಮೇಲೆ ಕೆಲಸ ಮಾಡಿ, ಆಮೇಲೆ ಕೇಂಬ್ರಿಜ್‌ಗೆ ಹೋಗಿ 1939ರಲ್ಲಿ ಪಿಎಚ್.ಡಿ. ಪಡೆದರು. ವಿಜ್ಞಾನದಲ್ಲಿ ಪಿಎಚ್.ಡಿ. ಪಡೆದ ಮೊದಲ ಭಾರತೀಯ ಮಹಿಳೆಯರಲ್ಲಿ ಒಬ್ಬರಾದರು. ಅವರು ಅಲ್ಲಿ ತೋರಿಸಿಕೊಟ್ಟ ಮೇಲೆ ಬೆಂಗಳೂರಿನ ಬಾಗಿಲು ಇತರ ಹುಡುಗಿಯರಿಗೂ ತೆರೆಯಿತು.

ಮದುವೆಯಾಗಿ ಮುಂಬಯಿಗೆ ಬಂದ ಅವರು ಮೇಡಮ್ ಕಾಮಾ ರಸ್ತೆಯ ಇನ್‌ಸ್ಟಿಟ್ಯೂಟ್ ಆಫ್ ಸಯನ್ಸಿನಲ್ಲಿ ಜೀವರಸಾಯನ ವಿಭಾಗದಲ್ಲಿ ಕೆಲಸ ಮಾಡಿ, ಅದರ ನಿರ್ದೇಶಕರೂ ಆದರು. ಅವರೂ ಅವರ ವಿದ್ಯಾರ್ಥಿಗಳೂ ಹುಡುಕಿದ್ದು ಬಡವರ ಊಟದಲ್ಲಿ ಏನಿದೆ ಎಂಬುದನ್ನು. ನೀರಾ, ಬೇಳೆ, ಅಕ್ಕಿಯ ಹಿಟ್ಟು. 1966ರಲ್ಲಿ ಮುಂಬಯಿಯ ಒಂಬತ್ತು ಮಹಿಳೆಯರು ಸೇರಿ ಗ್ರಾಹಕರ ರಕ್ಷಣೆಗೆಂದು ಕನ್ಸ್ಯೂಮರ್ ಗೈಡೆನ್ಸ್ ಸೊಸೈಟಿ ಕಟ್ಟಿದ್ದರು. ಕಮಲಾ ಸೊಹೊನಿ ಅದರಲ್ಲಿ ದುಡಿದು, 1982-83ರಲ್ಲಿ ಅಧ್ಯಕ್ಷೆಯೂ ಆಗಿ, ಅದರ ಪತ್ರಿಕೆಯಲ್ಲಿ ಸಾಮಾನ್ಯ ಗೃಹಿಣಿಯರಿಗಾಗಿ ಬರೆದರು. ಲ್ಯಾಬಿನಲ್ಲಿ ಬಾಟಲಿಯ ಮೇಲಿನ ಚೀಟಿ ನಿಜ ಹೇಳಬೇಕು ಎಂದು ಕಲಿತವರು, ಕಿರಾಣಿ ಅಂಗಡಿಯ ಡಬ್ಬಿಯ ಮೇಲಿನ ಚೀಟಿಯೂ ನಿಜ ಹೇಳಬೇಕು ಎಂದು ಕೇಳಿದರು. ಒಳ್ಳೆಯ ಪ್ರಯೋಗಾಲಯದಿಂದ ಒಳ್ಳೆಯ ಪ್ರಜೆ ಹೊರಬರುವುದು ಹೀಗೆ.

ಇಷ್ಟನ್ನೂ ನಾನು ಅವತ್ತು ಒಂದೇ ಉಸಿರಿಗೆ ಹೇಳಲಿಲ್ಲ. ಹೇಳಿದ್ದರೆ ಅವಳು ಮಧ್ಯಾಹ್ನದ ಲೋಕಲನ್ನೇ ಹಿಡಿದಿರುತ್ತಿದ್ದಳು. ಅವಳ ಪ್ರಶ್ನೆಗೆ ಮಾತ್ರ ಉತ್ತರ ಕೊಟ್ಟೆ. ವಾಷರ್ ಬದಲಿಸಿದವನಿಗೆ ಏನು ಸಿಕ್ಕಿತು? ಮರುದಿನ ಬೆಳಗ್ಗೆ ನೀರು ಸಿಕ್ಕಿತು, ಎಲ್ಲರಿಗೆ ಸಿಕ್ಕಷ್ಟೇ. ಅದಕ್ಕಿಂತ ಹೆಚ್ಚು ಸಿಗುತ್ತದೆ ಎಂದು ಹೇಳಿದರೆ ಅದು ಸುಳ್ಳು. ಆದರೆ ಡ್ಯೂಟಿ ಒಬ್ಬಳ ತಲೆಯ ಮೇಲೆ ಬಿದ್ದಿದ್ದರೆ ಅದನ್ನು ಮೀಟಿಂಗಿನಲ್ಲಿ ಹೇಳು, ಸರದಿ ಮಾಡಿಸು, ಬಿಟ್ಟುಹೋಗುವ ಹುಡುಗರು ಫ್ರೀಜರಿನ ಪಟ್ಟಿ ಕೊಡದೆ ಗೈಡ್ ಕೊನೆಯ ಸಹಿ ಹಾಕಬಾರದು ಎಂದು ಕೇಳು ಎಂದೆ. ಸೊಸೈಟಿಯಲ್ಲಿ ಮನೆ ಬಿಡುವಾಗ 'ನೋ ಡ್ಯೂಸ್' ತೆಗೆದುಕೊಳ್ಳುವುದಿಲ್ಲವೇ, ಹಾಗೆ. ಸುಮ್ಮನೆ ಮಾಡುವುದು ಒಳ್ಳೆಯತನ. ಎಲ್ಲರೂ ಮಾಡುವ ಹಾಗೆ ನಿಯಮ ಮಾಡಿಸುವುದು ಪ್ರಜೆಯ ಕೆಲಸ. ನಮ್ಮ ಅಣ್ಣ ಮೊದಲನೆಯದನ್ನು ಮಾಡಿದರು. ನನ್ನ ಮೇಲೆ ಅವರಿಗಿದ್ದ ಅಭಿಮಾನದಿಂದಲೇ ಮಾಡಿದರು. ಆದರೆ ಅದರಿಂದ ಲ್ಯಾಬಿನ ನಿಯಮ ಬದಲಾಗಲಿಲ್ಲ, ಬಾಟಲಿಗಳು ಮೊದಲಿನ ಹಾಗೇ ಕೂತಿದ್ದವು.

"ಮಾವಶಿಗೆ ಹೇಳಿದಿರಾ?" ಎಂದು ಕೇಳಿದಳು, ಹೊರಡುವ ಮುಂಚೆ.

ಇಲ್ಲ. ಗಾಯ ಮಾಗಿ ಅವರು ಕೆಲಸಕ್ಕೆ ಬಂದಾಗ ಮುಂಗೈಯ ಮೇಲೆ ಗಾಜಿನ ಕಲೆ ಇತ್ತು. ಎರಡು ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ನಾನು ದಿನ ದೂಡಿದೆ. ಮುಂದಿನ ಗಣಪತಿ ಹಬ್ಬಕ್ಕೆ ಊರಿಗೆ ಹೋದವರು ವಾಪಸ್ ಬರಲಿಲ್ಲ. ವಿಳಾಸ ಯಾರ ಬಳಿಯೂ ಇರಲಿಲ್ಲ. ನಾಲ್ಕು ದಶಕ ಕಳೆದರೂ ಆ ಲೆಕ್ಕ ಹಾಗೇ ಇದೆ. ಈ ಅಂಕಣದಿಂದ ಅದು ಚುಕ್ತಾ ಆಗುವುದಿಲ್ಲ ಎಂದು ನನಗೆ ಗೊತ್ತು.

ಮುಂದಿನ ವಾರ ಹುಡುಗಿ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದಳು. ಕಪಾಟಿನ ಹನ್ನೊಂದು ಬಾಟಲಿಗಳನ್ನು ಸುರಕ್ಷತಾ ಅಧಿಕಾರಿಯನ್ನು ಕರೆಸಿ ವಿಲೇವಾರಿ ಮಾಡಿಸಿದ್ದಾಳೆ. ಈಗ ಅಲ್ಲಿ ತ್ಯಾಜ್ಯಕ್ಕೆಂದು ನಾಲ್ಕು ಹೊಸ ಬಾಟಲಿಗಳಿವೆ. ಪ್ರತಿಯೊಂದರ ಮೇಲೂ ಇಂಗ್ಲಿಷಿನಲ್ಲಿ ಒಳಗಿರುವುದರ ಹೆಸರು, ದಿನಾಂಕ, ಸಹಿ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಮರಾಠಿಯಲ್ಲೂ ಹಿಂದಿಯಲ್ಲೂ ಒಂದೊಂದು ಸಾಲು. ಮರಾಠಿಯದು ಹೀಗಿದೆ: 'ಆಸಿಡ್ ಆಹೇ, ಹಾತ್ ಲಾವೂ ನಕಾ'.

ಅದನ್ನು ನೋಡಿ ನಾನು ಸ್ವಲ್ಪ ಹೊತ್ತು ಫೋನ್ ಕೆಳಗಿಡಲಿಲ್ಲ. 1978ರ ಆ ಸಂಜೆ ನಾನು ಅವಸರ ಮಾಡದೆ, ನಿಂತು ಚೀಟಿ ಬರೆದಿದ್ದರೂ ಇಂಗ್ಲಿಷಿನಲ್ಲೇ ಬರೆಯುತ್ತಿದ್ದೆ. ಮಾವಶಿಗೆ ಓದಲು ಬರುತ್ತಿದ್ದದ್ದು ಮರಾಠಿ ಮಾತ್ರ. ಬಾಟಲಿಯನ್ನು ಎತ್ತುವ ಕೈ ಯಾರದು ಎಂದು ನನಗೆ ಆಗ ಹೊಳೆಯುತ್ತಲೇ ಇರಲಿಲ್ಲ. ಪರಭಾಷೆಯ ಊರಿಗೆ ಬಂದು, ಬಸ್ಸಿನ ಬೋರ್ಡು ಓದಲಾಗದೆ ಸ್ಟಾಪಿನಲ್ಲಿ ಪೆಚ್ಚಾಗಿ ನಿಂತವನೇ ನಾನು. ನನಗೆ ಹೊಳೆಯದ್ದು ಅವಳಿಗೆ ಹೊಳೆಯಿತು.

ಸರದಿಯ ಪ್ರಶ್ನೆ ಮೀಟಿಂಗಿನಲ್ಲಿ ಏನಾಯಿತು ಎಂದು ಕೇಳಿದ್ದೇನೆ. "ಗೈಡ್ ನೋಡೋಣ ಅಂದಿದ್ದಾರೆ ದೊಡ್ಡಪ್ಪ" ಎಂದಿದ್ದಾಳೆ. ನೋಡೋಣ.